ಬೀದರ್ ರೈಲಿಗೆ ಇಪ್ಪತ್ತು ವರ್ಷ ಯಾಕ ಬೇಕಾತು?

ಭಾಗ 1

ಕಲಬುರಗಿ–ಬೀದರ್ ರೈಲಿನಾಗ ಕೂತ್ರ, ಕಮಲಾಪುರದ ಹತ್ತಿರ ಮರಗುತ್ತಿ ಗುಡ್ಡದಾಗ ಒಮ್ಮೆಲೇ ಕತ್ತಲಾಗ್ತದ. ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗ ಅದು. ಆ ಕತ್ತಲಿನ ರೀಲ್ ನೀವೂ ನೋಡಿರಬಹುದು. ಇವತ್ತು ಅದರ ಹಿಂದಿನ ಲೆಕ್ಕ ನೋಡೋಣ.

ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗ ಮಂಜೂರಾದದ್ದು 1990ರ ದಶಕದ ಕೊನೆಗೆ. ಪೂರ್ತಿ ಮಾರ್ಗದ ಉದ್ಘಾಟನೆ ಆದದ್ದು 2017ರ ಅಕ್ಟೋಬರ್ 29ರಂದು. ಮೊದಲ ಅಂದಾಜು 400 ಕೋಟಿ ರೂಪಾಯಿಗಿಂತ ಕಡಿಮೆ ಇತ್ತು. ಮುಗಿಯೋ ಹೊತ್ತಿಗೆ ಖರ್ಚು 1,500 ಕೋಟಿ ದಾಟಿತ್ತು, ಅದರಾಗ ಅರ್ಧ ಪಾಲು ನಮ್ಮ ರಾಜ್ಯ ಸರ್ಕಾರದ್ದು. ಅಲ್ಲೀತನಕ ಇಲ್ಲಿಂದ ಬೀದರಿಗೆ ರೈಲಿನಾಗೇ ಹೋಗಬೇಕಂದ್ರ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಹೋಗಬೇಕಿತ್ತು. ಪಕ್ಕದ ಜಿಲ್ಲೆಗೆ ಹೋಗಲಿಕ್ಕೆ ಇನ್ನೊಂದು ರಾಜ್ಯ!

ಯಾಕ ಇಷ್ಟು ತಡ ಅಂತ ಯಾರನ್ನರ ಕೇಳಿ ನೋಡ್ರಿ. "ನಮ್ ಕಡೀ ಕೆಲಸ ಹಂಗೇ ಬಿಡು" ಅಂತಾರೆ. ಇದು ಉತ್ತರ ಅಲ್ಲ, ಬೈಗುಳ. ನಾಳೆ ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಕಂಪನಿಗಳಿಗೆ ಸೇರ್ತೀರಿ. ಅಲ್ಲಿ ಕೆಲಸ ತಡ ಆದಾಗಲೂ ಇದೇ ಬೈಗುಳ ಇಂಗ್ಲಿಷಿನಾಗ ಬರ್ತದ. ಹಂಗಾಗಿ ಈ ರೈಲಿನ ಕತಿ ಸ್ವಲ್ಪ ನಿಧಾನ ಓದ್ರಿ.

ಭಾಗ 2

2014ರ ಜುಲೈ 8. ಆಗಿನ ರೈಲ್ವೆ ಮಂತ್ರಿ ನಮ್ಮ ರಾಜ್ಯದವರೇ ಆದ ಡಿ.ವಿ. ಸದಾನಂದ ಗೌಡರು. (ಅವರಿಗಿಂತ ಮೊದಲು ಆ ಖಾತೆ ಇದ್ದದ್ದು ನಮ್ಮ ಊರಿನ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರ ಕೈಯಾಗ.) ಗೌಡರು ರೈಲ್ವೆ ಬಜೆಟ್ ಭಾಷಣದಾಗ ಒಂದು ಲೆಕ್ಕ ಓದಿದರು. ಹಿಂದಿನ 30 ವರ್ಷದಾಗ 1,57,883 ಕೋಟಿ ರೂಪಾಯಿಯ 676 ಯೋಜನೆ ಮಂಜೂರಾಗಿದ್ದವು. ಮುಗಿದದ್ದು 317. ಉಳಿದ 359 ಮುಗಿಸಲಿಕ್ಕೆ ಇನ್ನೂ 1,82,000 ಕೋಟಿ ಬೇಕು.

ಮತ್ತೊಮ್ಮೆ ಓದ್ರಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಯೋಜನೆ ಉಳಿದಾವ, ಆದ್ರ ಅವಕ್ಕ ಬೇಕಾದ ರೊಕ್ಕ 676ಕ್ಕೂ ಸೇರಿಸಿ ಮೊದಲು ಹೇಳಿದ್ದಕ್ಕಿಂತ ಜಾಸ್ತಿ. ಕಾಯೋದು ಪುಕ್ಕಟೆ ಅಲ್ಲ. ನಿಂತ ಕೆಲಸದ ಸುತ್ತ ಭೂಮಿ, ಸಿಮೆಂಟ್, ಕಬ್ಬಿಣದ ರೇಟು ಏರ್ತಾನೇ ಇರ್ತದ.

ಬಿಕಾಂ ಹುಡುಗರಿಗೆ ಸುಲಭದ ಲೆಕ್ಕ: 30 ವರ್ಷದಾಗ 317 ಅಂದ್ರ ವರ್ಷಕ್ಕೆ ಸುಮಾರು ಹತ್ತೂವರೆ. ಅದೇ ವೇಗದಾಗ 359 ಮುಗಿಸಲಿಕ್ಕೆ 34 ವರ್ಷ. ಅದೂ ಹೊಸದು ಒಂದೂ ಮಂಜೂರು ಮಾಡದಿದ್ದರ! ಈ ಲೆಕ್ಕದ ಹಿಂದೆ ಒಂದು ಸೂತ್ರ ಅದ. ಜಾನ್ ಲಿಟಲ್ ಅನ್ನೋ ಅಮೆರಿಕದ ಪ್ರಾಧ್ಯಾಪಕರು 1961ರಾಗ ಸಾಧಿಸಿ ತೋರಿಸಿದ್ದು. ಸರಳವಾಗಿ ಹೇಳಬೇಕಂದ್ರ, ಕೈಯಾಗಿರೋ ಕೆಲಸದ ಸಂಖ್ಯೆಯನ್ನ ಮುಗಿಸೋ ವೇಗದಿಂದ ಭಾಗಿಸಿದರ, ಒಂದು ಕೆಲಸಕ್ಕೆ ಸರಾಸರಿ ಎಷ್ಟು ಕಾಲ ಹಿಡೀತದ ಅಂತ ಸಿಗ್ತದ. ಇದರಾಗ ಯಾರು ಆಲಸಿ, ಯಾರು ಚುರುಕು ಅನ್ನೋ ಮಾತೇ ಬರೋದಿಲ್ಲ. ಎಲ್ಲಾರೂ ಬೆವರು ಸುರಿಸಿ ದುಡಿದರೂ, ಒಂದೇ ಥೈಲಿಯ ರೊಕ್ಕ ನೂರಾರು ಕಡೆ ಚೆಲ್ಲಿದರ ಯಾವುದೂ ಲಗೂ ಮುಗಿಯೋದಿಲ್ಲ.

ಭಾಗ 3

ಈಗ ಸಾಫ್ಟ್‌ವೇರ್ ಕಡೆ ಬರೋಣ. 2001ರ ಫೆಬ್ರವರಿಯಾಗ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೋ ಹಿಮದ ಊರಿನಾಗ 17 ಮಂದಿ ಕೂಡಿ ಅಜೈಲ್ ಪ್ರಣಾಳಿಕೆ ಬರೆದರು. ಅದರ ತತ್ವಗಳಾಗ ಒಂದು: ಪ್ರಗತಿಯನ್ನ ಅಳೀಬೇಕಾದ್ದು ಮುಖ್ಯವಾಗಿ ನಡೆಯುವ ಸಾಫ್ಟ್‌ವೇರಿನಿಂದ. ನಮ್ಮ ಭಾಷೆದಾಗ, ಓಡೋ ರೈಲಿನಿಂದ. "80 ಪರ್ಸೆಂಟ್ ಕೆಲಸ ಆಗ್ಯದ" ಅನ್ನೋ ಮಾತಿನ ಮ್ಯಾಲ ಕೂತು ಯಾರೂ ಬೀದರಿಗೆ ಹೋಗಲಿಕ್ಕಾಗೋದಿಲ್ಲ.

ಕೆಲಸ ಸಣ್ಣ ತುಂಡು ಮಾಡಿ ಕೊಡ್ರಿ ಅಂತಲೂ ಅಜೈಲ್ ಹೇಳ್ತದ. ಇಲ್ಲಿ ನನ್ನದೊಂದು ತಕರಾರು ಅದ. ಬೀದರ್ ಕಡೆಯಿಂದ ಹುಮನಾಬಾದ್ ತನಕದ ತುಂಡು ಮೊದಲೇ ತಯಾರಾಗಿತ್ತು. ಹುಮನಾಬಾದಿನವರಿಗೆ ಅದು ಉಪಯೋಗದ ತುಂಡೇ. ಆದ್ರ ಕೆಂಪು ಬಾಳೆ ಬೆಳೆಯೋ ಕಮಲಾಪುರದ ರೈತನಿಗೆ? ಅರ್ಧ ಕೊರೆದ ಸುರಂಗದಿಂದ ಒಂದು ಗೊನೆಯೂ ಹೊರಗ ಹೋಗೋದಿಲ್ಲ. ಹಂಗಾಗಿ "ಎಷ್ಟು ತುಂಡು ಮುಗಿಸಿದಿರಿ" ಅನ್ನೋದಕ್ಕಿಂತ "ಯಾರ ಕೈಗೆ ಮುಟ್ಟಿತು" ಅಂತ ಕೇಳೋದು ಛಲೋ.

ಭಾಗ 4

ತಡ ಎಲ್ಲಿ ಆಗ್ತದ ಅಂತ ಹುಡುಕಬೇಕಂದ್ರ ಮನುಷ್ಯರ ಹಿಂದ ಬೀಳಬ್ಯಾಡ್ರಿ, ಒಂದು ಕೆಲಸದ ಹಿಂದ ನಡೀರಿ. ರೈಲಿಗೆ ಮೊದಲು ಭೂಮಿ ಬೇಕು. ಆಮೇಲೆ ಮಣ್ಣಿನ ಕೆಲಸ, ಸೇತುವೆ, ಸುರಂಗ, ಹಳಿ. ಅದಾದ ಮ್ಯಾಲ ರೈಲ್ವೆ ಸುರಕ್ಷತಾ ಆಯುಕ್ತರ ಪರಿಶೀಲನೆ. (ಈ ಆಯುಕ್ತರು ರೈಲ್ವೆ ಇಲಾಖೆಯವರಲ್ಲ, ವಿಮಾನಯಾನ ಸಚಿವಾಲಯದ ಕೆಳಗ ಬರ್ತಾರೆ. ಕ್ವಿಜ್‌ಗೆ ಬರೆದಿಟ್ಕೊಳ್ರಿ.) ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಕೆಲಸ ಸುಮ್ಮನ ಕೂತಿರ್ತದಲ್ಲ, ಆ ದಿನಗಳನ್ನ ಬ್ಯಾರೆ ಬರೀರಿ, ಕೆಲಸ ನಡೆದ ದಿನಗಳನ್ನ ಬ್ಯಾರೆ ಬರೀರಿ. ಸಾಫ್ಟ್‌ವೇರ್ ತಂಡದಾಗೂ ಇದೇ ಸಾಲು. ಕೋಡ್ ಬರೆಯೋದು ಎರಡು ದಿನ ಇರಬಹುದು, ಅದನ್ನ ಇನ್ನೊಬ್ಬರು ನೋಡಿ, ಟೆಸ್ಟ್ ಮಾಡಿ, ಹೂಂ ಅನ್ನೋತನಕ ಎರಡು ವಾರ. ಅಂಥ ಕಡೆ ಇನ್ನಷ್ಟು ಕೋಡ್ ಬರೆಯೋರನ್ನ ತಂದ್ರ ಸಾಲು ಉದ್ದ ಆಗ್ತದ, ಅಷ್ಟೇ. ಹೊಸದು ಶುರು ಮಾಡೋದು ನಿಲ್ಲಿಸಿ, ಎಲ್ಲಾರೂ ಸಾಲಿನ ಬಾಯಿಗೆ ಹೋಗಿ ಕೈ ಹಚ್ಚಬೇಕು.

ಹೇಳಲಿಕ್ಕೆ ಸುಲಭ, ಮಾಡಲಿಕ್ಕೆ ಕಷ್ಟ. ಹೊಸ ಘೋಷಣೆಗೆ ಚಪ್ಪಾಳೆ ಬೀಳ್ತಾವ, ಹಳೇದು ಮುಗಿಸಿದವರ ಫೋಟೋ ಯಾರು ಹಾಕ್ತಾರೆ? 2015ರ ಫೆಬ್ರವರಿಯ ರೈಲ್ವೆ ಬಜೆಟ್ಟಿನಾಗ ಸುರೇಶ್ ಪ್ರಭು ಒಂದೂ ಹೊಸ ರೈಲು ಘೋಷಿಸಲಿಲ್ಲ. ಮೊದಲು ಇರೋ ಸಾಮರ್ಥ್ಯ ನೋಡ್ಕೊಂತೀವಿ ಅಂದರು. ಒಂದೂ ಹೊಸ ರೈಲಿನ ಹೆಸರು ಹೇಳದ ಬಜೆಟ್ ಓದಲಿಕ್ಕೆ ಧೈರ್ಯ ಬೇಕು ನೋಡ್ರಿ.

2017ಕ್ಕಿಂತ ಮೊದಲು ವಿಕಾರಾಬಾದ್ ಸುತ್ತಿ ಬೀದರಿಗೆ ಹೋದವರು ನಿಮ್ಮ ಮನ್ಯಾಗ ಇದ್ದಾರೇನು? ಅಜ್ಜ, ಕಾಕಾ, ಅತ್ತಿ, ಯಾರಾದರೂ ಸರಿ. ಎಷ್ಟು ತಾಸು ಹಿಡೀತಿತ್ತು ಅಂತ ಕೇಳಿ ಕಾಮೆಂಟಿನಾಗ ಹಾಕ್ರಿ.

#ಕಲಬುರಗಿ #ಕಮಲಾಪುರ #ನಮ್ಮಲೆಕ್ಕನಮ್ಮಇತಿಹಾಸ