ಬಸುರಿಯರ ರಕ್ತಹೀನತೆ: ಕೊನೆಯ ಮೂರು ತಿಂಗಳು

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿಳಿದರೆ ಅದು ರಕ್ತಹೀನತೆ. 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. ಜನ ಇದನ್ನು 'ರಕ್ತ ಕಡಿಮೆ' ಎನ್ನುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ಈ ಕೊರತೆ ಇತ್ತು. ಹಿಂದಿನ ಸಮೀಕ್ಷೆಯಲ್ಲೂ ಸುಮಾರು ಇಷ್ಟೇ ಇತ್ತು ಎಂಬುದು ಕಳವಳದ ಸಂಗತಿ.

ಬಸಿರಿನಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕೆಂಪುಕಣಗಳಿಗಿಂತ ದ್ರವಭಾಗವೇ ಹೆಚ್ಚು ಬೆಳೆಯುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ಇಡೀ ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅದರ ದೊಡ್ಡ ಪಾಲು ಕೊನೆಯ ತಿಂಗಳುಗಳಲ್ಲೇ ಬೇಕಾಗುತ್ತದೆ, ಏಕೆಂದರೆ ಮಗು ತನ್ನ ಮುಂದಿನ ನಾಲ್ಕಾರು ತಿಂಗಳ ಕಬ್ಬಿಣವನ್ನು ಆಗಲೇ ತಾಯಿಯಿಂದ ಕೂಡಿಟ್ಟುಕೊಳ್ಳುತ್ತದೆ. ಮೊದಲೇ ಬರಿದಾದ ದೇಹ ಈ ಬೇಡಿಕೆ ಪೂರೈಸಲಾರದು.

ದೇಹ ಹೀಗೆ ಮೊದಲೇ ಬರಿದಾಗುವುದೇಕೆಂಬುದಕ್ಕೆ ಒಂದು ಊರಿನ ಉದಾಹರಣೆ ನೋಡಬಹುದು. ಭದ್ರಾವತಿ ತಾಲ್ಲೂಕಿನ ಹೋಬಳಿಯಾದ ಹೊಳೆಹೊನ್ನೂರು ಭದ್ರಾ ನದಿಯ ದಡದಲ್ಲಿದೆ. ಸುತ್ತಲೂ ಭತ್ತ, ಅಡಿಕೆ. ಇಂಥ ನೀರಾವರಿ ಸೀಮೆಗಳಲ್ಲಿ ಅನ್ನವೇ ಮುಖ್ಯ ಆಹಾರ, ಅದರಲ್ಲಿ ಕಬ್ಬಿಣಾಂಶ ಕಡಿಮೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಇರುವಷ್ಟನ್ನೂ ಮೈಗೆ ಹತ್ತಗೊಡುವುದಿಲ್ಲ. ಮಲದಿಂದ ಕೆಟ್ಟ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳು ತಗಲಬಹುದು; ಅದು ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೆಚ್ಚು ಮುಟ್ಟಿನ ಸ್ರಾವ, ಎಳೆ ವಯಸ್ಸಿನ ಬಸಿರು, ಅಂತರವಿಲ್ಲದ ಹೆರಿಗೆಗಳು ಉಳಿದ ಕಾರಣಗಳು. ಫೋಲಿಕ್ ಆಮ್ಲ ಮತ್ತು ಬಿ12 ಕೊರತೆಯದೂ ಪಾಲಿದೆ. 1928ರಿಂದ ಮುಂಬೈಯಲ್ಲಿ ಬಡ ಗರ್ಭಿಣಿಯರನ್ನು ಪರೀಕ್ಷಿಸಿದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಅವರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡರು; ಫೋಲಿಕ್ ಆಮ್ಲದ ಶೋಧಕ್ಕೆ ದಾರಿಯಾದದ್ದು ಇದೇ.

ಆಯಾಸ, ಏದುಸಿರು, ಎದೆ ಡವಡವ, ಬಿಳಿಚಿದ ಕಣ್ಣಿನ ಒಳರೆಪ್ಪೆ ರಕ್ತಹೀನತೆಯ ಲಕ್ಷಣಗಳು. ಆದರೆ ಬಸಿರಿನಲ್ಲಿ ಸುಸ್ತು ಸಹಜವೆಂದು ಮನೆಯವರು ಸುಮ್ಮನಾಗುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಆರೋಗ್ಯವಂತ ತಾಯಿ ತಾಳಿಕೊಳ್ಳುವ ರಕ್ತಸ್ರಾವ ತೀವ್ರ ರಕ್ತಹೀನತೆಯಿರುವವಳ ಜೀವ ತೆಗೆಯಬಲ್ಲದು. ಹೃದಯ ಸೋಲಬಹುದು, ಸೋಂಕು ಬೇಗ ತಗಲಬಹುದು.

ಇಂಥ ತಾಯಿಯ ಮಗು ತಿಂಗಳು ತುಂಬುವ ಮೊದಲೇ ಹುಟ್ಟುವ, 2.5 ಕಿಲೋಗಿಂತ ಕಡಿಮೆ ತೂಗುವ ಸಂಭವ ಹೆಚ್ಚು. ಕೂಸಿನ ಹಿಮೋಗ್ಲೋಬಿನ್ ಹುಟ್ಟಿದಾಗ ಸರಿಯಾಗಿಯೇ ಕಾಣಬಹುದು; ಕೂಡಿಟ್ಟ ಕಬ್ಬಿಣ ಮಾತ್ರ ಕಡಿಮೆಯಿದ್ದು, ಮಿದುಳು ವೇಗವಾಗಿ ಬೆಳೆಯುವ ತಿಂಗಳುಗಳಲ್ಲಿ ಬರಿದಾಗುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾದರೆ ಮಾಸಿನಲ್ಲಿರುವ ರಕ್ತ ಮಗುವಿಗೆ ಸೇರುತ್ತದೆ. ಖರ್ಚಿಲ್ಲದ ಈ ಕ್ರಮ ಪ್ರತಿ ಸಾಮಾನ್ಯ ಹೆರಿಗೆಯಲ್ಲೂ ನಡೆಯಬೇಕು.

2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದಂತೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಮಾತ್ರೆ (60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ) 180 ದಿನ ತೆಗೆದುಕೊಳ್ಳಬೇಕು. ಜಂತುಹುಳಕ್ಕೆ ಒಮ್ಮೆ ಆಲ್ಬೆಂಡಜೋಲ್. ರಕ್ತಹೀನತೆ ಕಂಡರೆ ಮಾತ್ರೆ ದಿನಕ್ಕೆರಡು. ಆಶಾ ಕಾರ್ಯಕರ್ತೆ ಮಾತ್ರೆ ಕೊಟ್ಟರೂ ನುಂಗದೆ ಬಿಡುವವರಿದ್ದಾರೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯವೂ ಇದೆ. ಮೊದಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇನ್ನೊಂದು ತೊಡಕು. ಕಬ್ಬಿಣ ಹೆಚ್ಚು ಬೇಕಾದ ಕಾಲಕ್ಕೇ ಊರು, ಆಶಾ, ಆಸ್ಪತ್ರೆ ಎಲ್ಲ ಬದಲಾಗುತ್ತವೆ. ತಾಯಿ ಕಾರ್ಡ್ ಜೊತೆಗೆ ಹೋಗಬೇಕು, ಹೋದ ವಾರವೇ ಅಲ್ಲಿನ ಕೇಂದ್ರದಲ್ಲಿ ಹೆಸರು ಬರೆಸಬೇಕು.

ಮಾತ್ರೆಯಿಂದ ಹಿಮೋಗ್ಲೋಬಿನ್ ತಿಂಗಳಿಗೆ ಸುಮಾರು ಒಂದು ಗ್ರಾಂ ಏರುತ್ತದೆ. ಎಂಟನೇ ತಿಂಗಳಲ್ಲಿ 7.5 ಕಂಡರೆ ಕಾಲ ಸಾಲದು. ಆಗ ನರಕ್ಕೆ ಕಬ್ಬಿಣಾಂಶ ಹನಿಸುವ ಚಿಕಿತ್ಸೆ ಬೇಕಾಗುತ್ತದೆ. 7ಕ್ಕಿಂತ ಇಳಿದವರನ್ನು ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗೇ ಸೇರಿಸಬೇಕು. 5ಕ್ಕಿಂತ ಕಡಿಮೆಯಾದರೆ ರಕ್ತವನ್ನೇ ಕೊಡಬೇಕು. ಹೊಳೆಹೊನ್ನೂರು ಭಾಗದವರಿಗೆ ರಕ್ತನಿಧಿಯಿರುವ ದೊಡ್ಡ ಸರ್ಕಾರಿ ಆಸ್ಪತ್ರೆ ಶಿವಮೊಗ್ಗದ ಮೆಗ್ಗಾನ್. ನೋವು ಶುರುವಾದ ಮೇಲೆ ಅಲ್ಲಿಗೆ ಓಡುವುದಕ್ಕಿಂತ ಏಳನೇ ತಿಂಗಳಲ್ಲೇ ರಕ್ತ ಪರೀಕ್ಷಿಸಿ ಕಳಿಸುವುದು ಮೇಲು.

2017ರಲ್ಲಿ ರಾಜ್ಯ ಸರ್ಕಾರ ತಂದ 'ಮಾತೃಪೂರ್ಣ' ಯೋಜನೆಯಡಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಸಿಗುತ್ತದೆ. ಹೆರಿಗೆಯ ನಂತರವೂ 180 ದಿನ ಮಾತ್ರೆ ಮುಂದುವರಿಯಬೇಕು. ಸೊಪ್ಪು, ಕಾಳು, ಹಣ್ಣನ್ನು ದೂರವಿಡುವ ಬಾಣಂತನದ ಪಥ್ಯ ಕಳೆದುಹೋದ ರಕ್ತ ಮತ್ತೆ ತುಂಬಿಕೊಳ್ಳಲು ಬಿಡುವುದಿಲ್ಲ.