ಚಿಕ್ಸಾದ ಹಳದಿ, ಟ್ಯೂಬಿನ ಬಿಳುಪು

ನಮ್ಮ ಮನೆಗಳಲ್ಲಿ ನಿಕಾಹ್‌ಗೆ ದಿನ ಗೊತ್ತಾಯಿತೆಂದರೆ ಮೊದಲು ಸದ್ದು ಮಾಡುತ್ತಿದ್ದುದು ಬೀಸುವ ಕಲ್ಲು. ಕಡಲೆಬೇಳೆ, ಅರಿಸಿನದ ಕೊಂಬು, ಕಚೋರ, ಗಂಧದ ಚೂರು, ನೆರಳಲ್ಲಿ ಒಣಗಿಸಿದ ಗುಲಾಬಿ ಎಸಳು. ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಆ ಪುಡಿಗೆ ದಖ್ಖನಿ ಮಾತಿನಲ್ಲಿ ಚಿಕ್ಸಾ ಎಂದು ಹೆಸರು. ಉತ್ತರದವರು ಉಬಟನ್ ಎನ್ನುತ್ತಾರೆ. ಮಾಂಝೆಯ ದಿನ ಹುಡುಗಿಗೆ ಹಳದಿ ಬಟ್ಟೆ ಉಡಿಸಿ, ಎಣ್ಣೆಯಲ್ಲೋ ಹಾಲಿನಲ್ಲೋ ಕಲಸಿದ ಚಿಕ್ಸಾವನ್ನು ಮುಖ, ಕೈಕಾಲುಗಳಿಗೆ ತಿಕ್ಕುತ್ತಿದ್ದರು. ಅಲ್ಲಿಂದ ಮುಂದೆ ನಿಕಾಹ್‌ವರೆಗೆ ಅವಳು ಒಲೆಯ ಮುಂದೆ ಕೂರುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ.

ಈ ಹಳದಿ ಎಲ್ಲಿಂದ ಬಂತು? ಕೆಲವರು ಇದನ್ನು ನೆರೆಹೊರೆಯವರಿಂದ ಕಲಿತದ್ದು ಎನ್ನುತ್ತಾರೆ, ಕೆಲವರು ನಮ್ಮದೇ ಎನ್ನುತ್ತಾರೆ. ಇತಿಹಾಸ ಅಷ್ಟು ಸುಲಭವಾಗಿ ಪಾಲಾಗುವುದಿಲ್ಲ.

ಮದೀನಾದ ಒಂದು ಪ್ರಸಂಗ ಹದೀಸ್ ಓದಿದವರಿಗೆಲ್ಲ ಗೊತ್ತು. ಮಕ್ಕಾದಲ್ಲಿದ್ದುದನ್ನೆಲ್ಲ ಬಿಟ್ಟು ಹಿಜ್ರತ್ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಒಂದು ದಿನ ಪ್ರವಾದಿ(ಸ)ಯವರ ಬಳಿ ಬಂದಾಗ ಅವರ ಮೇಲೆ ಹಳದಿಯ ಗುರುತಿತ್ತು. ಏನಿದು ಎಂದು ಕೇಳಿದಾಗ, ಅನ್ಸಾರಿ ಮಹಿಳೆಯೊಬ್ಬರನ್ನು ಮದುವೆಯಾದೆ ಎಂದರು. ಮೆಹರ್ ಎಷ್ಟು ಕೊಟ್ಟೆ ಎಂಬುದು ಮುಂದಿನ ಪ್ರಶ್ನೆ. ಖರ್ಜೂರದ ಬೀಜದ ತೂಕದ ಚಿನ್ನ ಎಂದು ಉತ್ತರ. ಒಂದು ಕುರಿಯಿಂದಾದರೂ ಸರಿ, ವಲೀಮಾ ಮಾಡು ಎಂದು ಪ್ರವಾದಿ(ಸ) ಹೇಳಿದರು. ಆ ಹಳದಿ ವಧು ಹಚ್ಚಿಕೊಂಡ ಸುಗಂಧದಿಂದ ತಗುಲಿದ್ದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ನಾವು ಗಮನಿಸಬೇಕಾದದ್ದು ಇಷ್ಟೆ: ಅಲ್ಲಿ ಹಳದಿ ಮದುವೆಯ ಸುದ್ದಿ ಹೇಳಿತು. ಹುಡುಗಿಯ ಮೈಬಣ್ಣ ಎಂಥದೆಂದು ಯಾರೂ ಕೇಳಲಿಲ್ಲ. ಕೇಳಿದ್ದು ವರ ಎಷ್ಟು ಕೊಟ್ಟ ಎಂದು.

ಇತ್ತ ನಮ್ಮ ನೆಲದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 12ನೆಯ ಶತಮಾನದಲ್ಲಿ ಹುಟ್ಟಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಸ್ನಾನಕ್ಕೂ ಮೈಲೇಪನಕ್ಕೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿದೆ. ನಾಲ್ಕೂವರೆ ಶತಮಾನ ಕಳೆದ ಮೇಲೆ ಬಿಜಾಪುರದಲ್ಲಿ ಇಮ್ಮಡಿ ಇಬ್ರಾಹೀಮ್ ಆದಿಲ್‌ಶಾಹ್ (ಆಳ್ವಿಕೆ 1580-1627) ಕಾಲದಲ್ಲಿ ಸುಗಂಧಗಳ ಬಗೆಗೇ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಫಾರ್ಸಿ ಗ್ರಂಥ ರಚನೆಯಾಯಿತು. ಕಲ್ಯಾಣದಿಂದ ಬಿಜಾಪುರಕ್ಕೆ ರಾಜ್ಯ ಬದಲಾಯಿತು, ಭಾಷೆ ಬದಲಾಯಿತು. ಆದರೆ ಗಂಧ, ಕೇಸರಿ, ಕರ್ಪೂರಗಳು ಅದೇ ಸಂತೆಗಳಲ್ಲಿ ಮಾರಾಟವಾದವು. ಅರಮನೆಯ ಕಸ್ತೂರಿ ಬಡವರ ಮನೆಗೆ ಬರಲಿಲ್ಲ; ಅರಿಸಿನ, ಕಡಲೆಹಿಟ್ಟು ಎಲ್ಲರ ಮನೆಯಲ್ಲೂ ಇದ್ದವು. ನಮ್ಮ ಚಿಕ್ಸಾ ಮತ್ತು ಪಕ್ಕದ ಮನೆಯ ಅರಿಸಿನದೆಣ್ಣೆ ಒಂದೇ ಹೊಲದ ಬೆಳೆ.

ಈ ತಿಳಿವಳಿಕೆಯ ಬೆಲೆ ಒಮ್ಮೆ ನ್ಯಾಯದ ಕಟ್ಟೆಯಲ್ಲೂ ಗೊತ್ತಾಯಿತು. 1995ರಲ್ಲಿ ಅಮೆರಿಕದಲ್ಲಿ ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಪೇಟೆಂಟ್ ಕೊಟ್ಟರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನು ಪುರಾವೆಯಾಗಿ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಯರ ಪರವಾಗಿ ಸಂಸ್ಕೃತವೂ ಉರ್ದುವೂ ಒಟ್ಟಿಗೆ ಸಾಕ್ಷಿ ಹೇಳಿದವು.

ಚಿಕ್ಸಾ ಮಾಡುತ್ತಿದ್ದುದಾದರೂ ಏನು? ಹಿಟ್ಟಿನ ತರಿ ಮೈಮೇಲಿನ ಒಣ ಪದರವನ್ನು ಉಜ್ಜಿ ತೆಗೆಯುತ್ತಿತ್ತು, ಎಣ್ಣೆ ಚರ್ಮವನ್ನು ಮೆದುಗೊಳಿಸುತ್ತಿತ್ತು. ಅರಿಸಿನ ಹಳದಿ ಮಾಡುತ್ತದೆಯೇ ಹೊರತು ಬಿಳಿ ಮಾಡುವುದಿಲ್ಲ. ಮದುಮಗಳ ಮುಖದ ಕಳೆಗೆ ಇನ್ನೊಂದು ಕಾರಣವಿತ್ತು. ಹುಟ್ಟಿದಂದಿನಿಂದ ನೀರು, ಸೌದೆ, ಪಾತ್ರೆ ಎಂದು ಓಡಾಡಿದವಳಿಗೆ ಸಿಗುತ್ತಿದ್ದ ಮೊದಲ ವಿರಾಮ ಆ ಕೆಲವು ದಿನಗಳು. ನಾನಿ, ಖಾಲಾ, ಫುಪ್ಪು ಎಲ್ಲರೂ ಸುತ್ತ ಕೂತು ಕೈ ಹಿಡಿದು ತಿಕ್ಕುತ್ತ, ಹಾಡುತ್ತ, ಮುಂದಿನ ಮನೆಯ ಬಾಳಿನ ಬಗ್ಗೆ ಕಿವಿಯಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದರು.

1975ರಲ್ಲಿ ಫೇರ್ ಆ್ಯಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಹಿಂದೆಯೇ ಅಂಥವು ಹಲವು ಬಂದವು. ಮೈಯ ಆರೈಕೆಯ ಜಾಗದಲ್ಲಿ ಮೈಬಣ್ಣದ ತಿದ್ದುಪಡಿ ಕೂತಿತು. ಆದರೆ ತಪ್ಪೆಲ್ಲ ಜಾಹೀರಾತಿನದೇ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹುಡುಗಿ ನೋಡಲು ಹೋಗಿ ‘ಬಣ್ಣ ಸ್ವಲ್ಪ ಕಡಿಮೆ’ ಎಂದವರು ನಾವೇ. ಆ ಕಡಿಮೆಯನ್ನು ಸ್ಕೂಟರಿನಲ್ಲಿ, ಚಿನ್ನದಲ್ಲಿ ತುಂಬಿಸಿಕೊಂಡವರೂ ನಾವೇ. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ನಮ್ಮ ನಾಲಿಗೆಯ ಮೇಲಿನ ಮಾತು ಬದಲಾಯಿತೇ?

ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಗಂಡಿನ ಕಡೆಯವರಿಂದ ಅದೇ ಮಾತು ಬಂತು. ತಾಯಿ ಯಾರೋ ಹೇಳಿದ ಒಂದು ಟ್ಯೂಬು ತಂದರು. ಮೊದಲ ಎರಡು ವಾರ ಮುಖ ತಿಳಿಯಾಯಿತು, ಮನೆಯವರೆಲ್ಲ ಹಿಗ್ಗಿದರು. ಆಮೇಲೆ ಕೆನ್ನೆ ಕೆಂಪಾಯಿತು, ಗುಳ್ಳೆಗಳೆದ್ದವು. ಬಿಟ್ಟರೆ ಉರಿ, ಹಚ್ಚಿದರೆ ಮತ್ತಷ್ಟು ಹಾನಿ. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ಚರ್ಮದ ವೈದ್ಯರು ಹೇಳಿದರು. ಇಂಥ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿಯೇ ಆದೇಶಿಸಿದೆ. ಮಾಂಝೆಯ ದಿನ ಅವಳಿಗೆ ಹಳದಿ ದುಪಟ್ಟಾ ಹೊದಿಸಿದರು. ಚಿಕ್ಸಾದ ಬಟ್ಟಲು ಮುಂದಿತ್ತು. ಆ ಸುಟ್ಟ ಕೆನ್ನೆಗೆ ಅದನ್ನು ಮುಟ್ಟಿಸಲು ನಾನಿಯ ಕೈ ಬರಲಿಲ್ಲ. ಅಂಗೈಗಷ್ಟೇ ಒಂದಿಷ್ಟು ಹಚ್ಚಿ, ‘ಮಾಫ್ ಕರ್ ಬೇಟಿ’ ಎಂದು ಅತ್ತರು.

ಆ ಕ್ಷಮೆ ಕೇಳಬೇಕಾಗಿದ್ದುದು ನಾನಿ ಅಲ್ಲ. ಹುಡುಗಿ ನೋಡಲು ಹೊರಡುವ ಮುನ್ನ ನಾವು ಮದೀನಾದ ಆ ಪ್ರಶ್ನೆಯನ್ನು ನೆನೆಯೋಣ. ಬಣ್ಣವನ್ನು ಕೇಳುವುದು ಬಿಟ್ಟು, ಮೆಹರ್ ಎಷ್ಟು ಕೊಡುತ್ತೇವೆಂದು ಮೊದಲು ಹೇಳೋಣ.