ಕಾಂತಗುಣ ಅಳೆಯುವ ಉಪಕರಣಗಳು: ಇತಿಹಾಸ

ಕಬ್ಬಿಣ, ನಿಕ್ಕಲ್‌ಗಳನ್ನು ಕಾಂತ ಸೆಳೆಯುವುದು ಕೈಗೇ ತಿಳಿಯುತ್ತದೆ. ನೀರು, ಗಾಜು, ಬಿಸ್ಮತ್, ತಾಮ್ರದ ಲವಣಗಳಿಗೂ ಕಾಂತಗುಣವಿದೆ. ಆದರೆ ಅದು ತೀರ ಕ್ಷೀಣ. ಹಾಗಾಗಿ ಅದನ್ನು ಅಳೆಯಹೊರಟವರು ಮೊದಲು ಉಪಕರಣ ಕಟ್ಟಿಕೊಳ್ಳಬೇಕಾಯಿತು. 1845ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಸೀಸ ಬೆರೆತ ಭಾರದ ಗಾಜಿನ ತುಂಡೊಂದನ್ನು ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗುಬಿಟ್ಟರು. ಗಾಜು ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ತಿರುಗಿ ನಿಂತಿತು. ಕಾಂತಕ್ಷೇತ್ರದಿಂದ ದೂರ ಸರಿಯುವ ಗುಣವಾದ ಡಯಾಕಾಂತತೆ ಹೀಗೆ ಪತ್ತೆಯಾಯಿತು.

ಫ್ರಾನ್ಸಿನ ಲೂಯಿ ಜಾರ್ಜ್ ಗೂಯ್ 1889ರಲ್ಲಿ ಮಂಡಿಸಿದ ವಿಧಾನಕ್ಕೆ ತಕ್ಕಡಿಯೇ ಆಧಾರ. ಉದ್ದನೆಯ ಕೊಳವೆಯಲ್ಲಿ ಪುಡಿ ತುಂಬಿ, ಅದರ ಕೆಳತುದಿ ಧ್ರುವಗಳ ನಡುವೆ, ಮೇಲ್ತುದಿ ಕ್ಷೇತ್ರದ ಹೊರಗೆ ಇರುವಂತೆ ತಕ್ಕಡಿಯಿಂದ ಇಳಿಬಿಡುತ್ತಾರೆ. ಕ್ಷೇತ್ರ ಹರಿಸಿದಾಗ ತೂಕ ಹೆಚ್ಚಿದರೆ ವಸ್ತು ಪ್ಯಾರಾಕಾಂತ, ಅಂದರೆ ಕ್ಷೇತ್ರದತ್ತ ಸೆಳೆತಕ್ಕೊಳಗಾಗುವಂಥದ್ದು; ತಗ್ಗಿದರೆ ಡಯಾಕಾಂತ. ಪುಡಿ ಕೊಳವೆಯಲ್ಲಿ ಸಮನಾಗಿ ಕೂರದಿದ್ದರೆ ಅಂಕಿ ಕೆಡುತ್ತದೆ, ಎಂ.ಎಸ್‌ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪಾಡು ಗೊತ್ತು. ಪಿಯರ್ ಕ್ಯೂರಿ ತಿರುಚು ತಕ್ಕಡಿಯಿಂದ ಅಳೆದು, ಪ್ಯಾರಾಕಾಂತತೆ ನಿರಪೇಕ್ಷ ತಾಪಕ್ಕೆ ವಿಲೋಮವಾಗಿ ಬದಲಾಗುತ್ತದೆಂದು 1895ರ ತಮ್ಮ ಪ್ರಬಂಧದಲ್ಲಿ ತೋರಿಸಿದರು.

ಭಾರತದಲ್ಲಿ ಈ ಕೆಲಸ ಬೇಗನೆ ಬೇರೂರಿತು. ಲಾಹೋರಿನಲ್ಲಿ ಶಾಂತಿ ಸ್ವರೂಪ ಭಟ್ನಾಗರ್ ಮತ್ತು ಕೆ. ಎನ್. ಮಾಥುರ್ 1928ರ ಹೊತ್ತಿಗೆ ರೂಪಿಸಿದ ತಕ್ಕಡಿಯಲ್ಲಿ ಮಾದರಿಯ ಅತಿ ಸಣ್ಣ ಸರಿದಾಟವೂ ಬೆಳಕಿನ ವ್ಯತಿಕರಣ ಪಟ್ಟೆಗಳ ಚಲನೆಯಾಗಿ ಕಾಣುತ್ತಿತ್ತು. ಲಂಡನ್ನಿನ ಆಡಂ ಹಿಲ್ಗರ್ ಕಂಪನಿ ಅದನ್ನು ತಯಾರಿಸಿ ಮಾರಿತು. ವಸಾಹತಿನ ಪ್ರಯೋಗಾಲಯದ ವಿನ್ಯಾಸವನ್ನು ಇಂಗ್ಲೆಂಡಿನ ಕಾರ್ಖಾನೆ ತಯಾರಿಸುವುದು ಆ ಕಾಲಕ್ಕೆ ಅಪರೂಪದ ಸಂಗತಿ.

ಢಾಕಾದಲ್ಲಿ ಕೆ. ಎಸ್. ಕೃಷ್ಣನ್ ಹಿಡಿದ ದಾರಿ ಇನ್ನೂ ಸರಳ. ಈ ಲೇಖಕನ ಎಣಿಕೆಯಲ್ಲಿ ಇಡೀ ಇತಿಹಾಸದಲ್ಲೇ ಅತ್ಯಂತ ಚೆಲುವಾದದ್ದು. ಹರಳುಗಳ ಕಾಂತಗುಣ ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗುತ್ತದೆ. ಆ ವ್ಯತ್ಯಾಸವನ್ನು ಅಳೆಯಲು ಅವರು ಪುಟ್ಟ ಹರಳನ್ನು ಸಣ್ಣ ಕ್ವಾರ್ಟ್ಸ್ ಎಳೆಗೆ ಕಟ್ಟಿ, ಎಲ್ಲೆಡೆ ಒಂದೇ ಸಮನಾದ ಕ್ಷೇತ್ರದಲ್ಲಿ ಇಳಿಬಿಟ್ಟರು. ಅಲ್ಲಿ ಎಳೆತವಿಲ್ಲ, ತಿರುಗಿಸುವ ಬಲ ಮಾತ್ರ. ಎಳೆಯ ಮೇಲ್ತುದಿಯನ್ನು ತಿರುಚುತ್ತ ಹೋದರೆ ಕ್ಷೇತ್ರ ಹರಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಹರಳು ತನ್ನ ನೆಲೆಯಿಂದ 45 ಡಿಗ್ರಿ ಸರಿದು ಮುಂದೆ ಹೋದೊಡನೆ ಆ ಹಿಡಿತ ಸೋತು, ಹರಳು ತಟ್ಟನೆ ಮಗುಚಿಕೊಳ್ಳುತ್ತದೆ. ಆ ಗಳಿಗೆಗೆ ಎಳೆಯನ್ನು ಎಷ್ಟು ತಿರುಚಿದ್ದೇವೆ ಎಂಬುದರಿಂದ ಉತ್ತರ ಸಿಗುತ್ತದೆ. 1933ರಲ್ಲಿ ಬಿ. ಸಿ. ಗುಹ ಮತ್ತು ಎಸ್. ಬ್ಯಾನರ್ಜಿ ಅವರೊಡನೆ ಕೃಷ್ಣನ್ ಹರಳುಗಳ ಮೇಲಿನ ಇಂಥ ಅಳತೆಗಳ ಫಲಿತಾಂಶಗಳನ್ನು ಪ್ರಕಟಿಸಿದರು. ಆ ವರ್ಷವೇ ಕೃಷ್ಣನ್ ಕಲ್ಕತ್ತೆಗೆ ಮರಳಿ ಅಲ್ಲಿ ಈ ಕೆಲಸ ಮುಂದುವರಿಸಿದರು.

ಬಲ ಅಳೆಯುವುದನ್ನು ಬಿಟ್ಟು ವೋಲ್ಟೇಜ್ ಅಳೆಯುವ ಕಡೆಗೆ ಹೊರಳಿದವರಲ್ಲಿ ಅಮೆರಿಕದ ಸೈಮನ್ ಫೋನರ್ ಒಬ್ಬರು. 1959ರಲ್ಲಿ ಅವರು ವಿವರಿಸಿದ ಕಂಪಿಸುವ ಮಾದರಿಯ ಮ್ಯಾಗ್ನೆಟೋಮೀಟರಿನಲ್ಲಿ ಧ್ವನಿವರ್ಧಕವೊಂದು ಮಾದರಿಯನ್ನು ಅಲುಗಿಸುತ್ತದೆ, ಪಕ್ಕದ ಸುರುಳಿಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮಾದರಿಗೆ ಆಸರೆಯಾಗಿದ್ದದ್ದು ಕಾಗದದ ಕಪ್ಪು ಮತ್ತು ಪಾನೀಯ ಹೀರುವ ಸ್ಟ್ರಾ! 1964ರಲ್ಲಿ ಫೋರ್ಡ್ ಕಂಪನಿಯ ಸಂಶೋಧನಾಲಯದಲ್ಲಿ ಅತಿವಾಹಕತೆಯನ್ನು ಬಳಸಿ ತೀರ ಕ್ಷೀಣ ಕಾಂತಕ್ಷೇತ್ರವನ್ನೂ ಗುರುತಿಸುವ ಸ್ಕ್ವಿಡ್ ಸಾಧನ ಸಿದ್ಧವಾಯಿತು. ದ್ರವ ಹೀಲಿಯಂನ ತಂಪಿನಲ್ಲಿ ಕೆಲಸಮಾಡುವ ಸ್ಕ್ವಿಡ್ ಮಾಪಕಗಳಲ್ಲೂ ಮಾದರಿಯನ್ನು ಪ್ಲಾಸ್ಟಿಕ್ ಸ್ಟ್ರಾದೊಳಗೆ ಸಿಕ್ಕಿಸುವ ರೂಢಿಯಿದೆ. ಮಾದರಿಯನ್ನು ಉಕ್ಕಿನ ಚಿಮಟದಿಂದ ಮುಟ್ಟುವುದಿಲ್ಲ. ಅಂಟಿಕೊಂಡ ಕಬ್ಬಿಣದ ಒಂದು ಕಣವೇ ಇಡೀ ಅಳತೆಯನ್ನು ನುಂಗಿಬಿಡಬಲ್ಲದು.